ಅಕ್ಕಿ ಆರೋಯ್ತು

ಅಮ್ಮಾ,

ನೀನು ಹೋದ ಮೇಲೆ ನಾನೊಂದು ಓದುಗರ ಬಳಗ ಸೇರಿದ್ದೇನೆ. ಇವತ್ತು ಹಳ್ಳಿಯ ಕೂಲಿ ಹೆಣ್ಣಿನ ಮಗಳೊಬ್ಬಳು ಬರೆದ ಆತ್ಮಕಥೆಯನ್ನು ಸರದಿಯಂತೆ ಗಟ್ಟಿಯಾಗಿ ಓದಿದೆವು. ಅವಳ ತಾಯಿಯೂ ನಿನ್ನ ಹಾಗೆ ಇಟ್ಟಿಗೆ ಹೊತ್ತವಳು. ನಿನ್ನ ಹಾಗೆಯೇ ಅವಳಿಗೂ ಹಕಾರಕ್ಕೂ ಎಣ್ಣೆ ಸೀಗೆಕಾಯಿ. ಸೂರಿನಲ್ಲಿದ್ದ ಹಕ್ಕಿ ಹಾರಿಹೋದಾಗ ಆಕೆ, "ಅಕ್ಕಿ ಆರೋಯ್ತು ಕಣೇ" ಅನ್ನುತ್ತಾಳೆ.

ಆ ಸಾಲು ನನ್ನ ಪಾಲಿಗೆ ಬಂತು. ಸರಾಗವಾಗಿ "ಹಕ್ಕಿ ಹಾರಿಹೋಯಿತು ಕಣೇ" ಎಂದು ಓದಿಬಿಟ್ಟೆ.

"ಯಾಕೆ ತಿದ್ತೀರಿ? ಆ ತಾಯಿ ಹೇಗಂದ್ರೋ ಹಾಗೇ ಓದಿ," ಎಂದರು ಬಳಗದಲ್ಲಿದ್ದ ಹಲ್ಲಿನ ಡಾಕ್ಟರೊಬ್ಬರು.

ನನ್ನ ಕಾಲೇಜಿನ ಗೆಳತಿಯರು ಮನೆಗೆ ಬಂದ ದಿನ ನೆನಪಿದೆಯಾ? ಎಲ್ಲೂ ತಪ್ಪಬಾರದೆಂದು ನೀನು ಒಂದೊಂದೇ ಮಾತನ್ನು ತೂಗಿ, "ಹಕ್ಕಿ ಬೇಯೋಕೆ ಇಟ್ಟಿದ್ದೀನಿ, ಊಟ ಮಾಡ್ಕೊಂಡೇ ಹೋಗಿ" ಅಂದಿದ್ದೆ. ಅವರು ನಕ್ಕರು. ಆಮೇಲೆ ನನ್ನ ಕಡೆಯವರು ಯಾರು ಬಂದರೂ ನೀನು ನಕ್ಕು ತಲೆಯಾಡಿಸುತ್ತಿದ್ದೆ, ಅಷ್ಟೇ.

ಮತ್ತೆ ಓದಿದೆ: "ಅಕ್ಕಿ ಆರೋಯ್ತು ಕಣೇ."

"ಆಹಾ! ಯಾರು ಕಲಿಸಿದ್ದು ಇದನ್ನ?" ಎಂದರು ಡಾಕ್ಟರು.

ಎಲ್ಲರೂ ನನ್ನತ್ತ ನೋಡಿದರು. ನಾನು ನಕ್ಕು ತಲೆಯಾಡಿಸಿದೆ, ಅಷ್ಟೇ.