ಬ್ರಿಟಿಷ್ ದೊರೆಯ ನಾಲ್ಕನೇ ಮದುವೆ

ಪ್ರೀತಿಯ ದಾಮು ಮಾಮ,

ಗಲ್ಫಿನ ನಜ್ಮಾ ಬಡಾವಣೆಯ ಮೂರನೇ ಮಹಡಿಯ ಚಿತ್ರಸಾಮ್ರಾಟರಾದ ತಮ್ಮ ದಿವ್ಯ ಸನ್ನಿಧಿಗೆ, ತಮ್ಮ ಅಕ್ಕನ ಮಗನೂ ರೂಮಿನ ಪಾಲುದಾರನೂ ಆದ ಸಂದೀಪನು ಸಾಷ್ಟಾಂಗ ನಮಸ್ಕರಿಸಿ ಬರೆಯುವ ತಪ್ಪೊಪ್ಪಿಗೆ. ನಗಬೇಡಿ. ವಿಷಯ ಗಂಭೀರ.

ಕುಕ್ಕರ್ ಕೂಗುವವರೆಗೆ ನೀವು ಆ ಹಳೆಯ ಬ್ರಿಟಿಷ್ ನಿರ್ದೇಶಕನ ಸಂಸಾರದ ಕಥೆ ಹೇಳುತ್ತಿದ್ದಿರಿ, ನೆನಪಿದೆಯಾ? ಕೆಳಗಿನ ಟೈಲರ್ ಅಂಗಡಿಯವನ ಸುದ್ದಿ ಹೇಳಿದ ಹಾಗೆ. ಮೊದಲ ಹೆಂಡತಿಯನ್ನು ಚರ್ಚಿನ ಬಾಗಿಲಲ್ಲೇ ನಿಲ್ಲಿಸಿ, ಬೆಳಕು ಚೆನ್ನಾಗಿದೆಯೆಂದು ಶೂಟಿಂಗಿಗೆ ಓಡಿದನಂತೆ. ಎರಡನೆಯವಳು ಊಟಕ್ಕೆ ಕರೆದರೆ 'ಇನ್ನೊಂದು ಟೇಕ್' ಎನ್ನುತ್ತಿದ್ದನಂತೆ. ಮೂರನೆಯವಳು ಬೇಡದ ದೃಶ್ಯದ ಹಾಗೆ ಅವನನ್ನೇ ಕತ್ತರಿಸಿ ಹೊರಗೆ ಹಾಕಿದಳಂತೆ. "ಮೂರು ಮುರಿದಾಗಲೂ ಅವ ಅಳ್ಲಿಲ್ಲ ಮಾರಾಯ. ಕ್ಯಾಮರಾಮನ್ ಬಿಟ್ಟುಹೋದಾಗ ಅತ್ತ. ಅದು ನಾಲ್ಕನೇ ಮದುವೆ, ಅದೇ ನಿಜವಾದ್ದು. ಅವನ ಹತ್ರ ಮತ್ತೆ ಮಾತಾಡದೆಯೇ ಸತ್ತ."

"ಹಾಗಾದರೆ ನಿಮ್ಮ ಕ್ಯಾಮರಾಮನ್ ಇಬ್ರಾಹಿಂಕನ ಜೊತೆ ನಿಮ್ಮದೂ ಡೈವೋರ್ಸಾ ಮಾಮ?"

"ಬಾಯಿ ಮುಚ್ಚು. ಅವನೇ ಮೊದಲು ಮಾತಾಡ್ಲಿ."

ನಿಮ್ಮ ಸಿನಿಮಾವನ್ನು ಎಷ್ಟು ಶುಕ್ರವಾರ ಶೂಟ್ ಮಾಡಿದಿರಿ ನೀವಿಬ್ಬರೂ! ಬೇರೆ ದಿನ ಯಾರಿಗೆ ರಜೆ? ಹೀರೋ ಶೇಖರಣ್ಣನಿಗೆ ಬಾಗಿಲು ತೆಗೆಯುವ ಶಾಟಿನಲ್ಲಿ ಮೀಸೆ ಇತ್ತು, ಒಳಗೆ ಬರುವ ಶಾಟಿನಲ್ಲಿ ಇರಲಿಲ್ಲ. ನಡುವೆ ಎರಡು ವಾರ ಕಳೆದಿತ್ತು. ಅದಕ್ಕೂ ಜಗಳವಾಗಲಿಲ್ಲ. ಆದರೆ ಇಬ್ರಾಹಿಂಕ ಹಿಡಿದ ಮೂರು ನಿಮಿಷದ ಸಮುದ್ರವನ್ನು ನೀವು ಮೂರು ಸೆಕೆಂಡು ಮಾಡಿದಿರಿ. ಅವರು ಟ್ರೈಪಾಡ್ ಮಡಚಿಕೊಂಡು ಅಬು ಹಮೂರ್ ಬಡಾವಣೆಯ ತಮ್ಮ ಮನೆಗೆ ಹೋದವರು ಒಂದು ವರ್ಷ ಫೋನೂ ಮಾಡಲಿಲ್ಲ. ಕೊನೆಯ ದೃಶ್ಯ ಹಾಗೇ ಉಳಿಯಿತು. ನೀವೂ ಆ ದೊರೆಯ ಹಾಗೆಯೇ ಮುಗಿದುಬಿಟ್ಟರೆ ಎಂದು ನನಗೆ ಹೆದರಿಕೆ.

ಈಗ ತಪ್ಪೊಪ್ಪಿಗೆ. ಸ್ಟೀಲ್ ಡಬ್ಬಿಯಲ್ಲಿ ಕೋಳಿ ಸುಕ್ಕ ತಂದು "ಇಬ್ರಾಹಿಂಕ ಕಳಿಸಿದ್ದು" ಎಂದೆನಲ್ಲ? ಸುಳ್ಳು. ಕೆಫೆಟೇರಿಯಾದ್ದು, ಡಬ್ಬಿಯೂ ನನ್ನದೇ. ನೀವು ಒಂದು ತುಂಡು ತಿಂದು, "ಅವನ ಹೆಂಡತಿ ಇಷ್ಟು ತೆಂಗಿನಕಾಯಿ ಹಾಕುವವಳಲ್ಲ" ಎಂದು ನನ್ನ ಮುಖ ನೋಡಿದಿರಿ. ಆಗಲೇ ಗೊತ್ತಾಗಿತ್ತಾ ಮಾಮ? ಆದರೂ ಮರುದಿನ ಡಬ್ಬಿ ತುಂಬಾ ಬಂಗುಡೆ ಮೀನಿನ ಪುಳಿಮುಂಚಿ ಹಾಕಿಕೊಟ್ಟಿರಿ. "ಬಂದ ಪಾತ್ರೆ ಖಾಲಿ ಕೊಡ್ಲಿಕ್ಕಾಗ್ತದಾ?"

ಆ ಕಡೆಯೂ ಅದೇ. ಇಬ್ರಾಹಿಂಕ ಬೆರಳು ಚೀಪಿ, "ಮೀನಿಗೆ ಉಪ್ಪು ಹೆಚ್ಚು, ಅವನ ಡೈಲಾಗಿನ ಹಾಗೆ" ಎಂದರು. ಡಬ್ಬಿಗೆ ಅಕ್ಕಿರೊಟ್ಟಿ ಪತ್ತಿರ್ ತುಂಬಿಸಿದರು. "ಖಾಲಿ ಹೋಗಬಾರದಲ್ಲ." ಹಾಗೆ ಏಳು ತಿಂಗಳು, ಇಬ್ಬರೂ ಒಂದಕ್ಷರ ಆಡದೆ, ನನ್ನನ್ನು ಬಸ್ಸಿನಲ್ಲಿ ಅಲೆದಾಡಿಸಿದಿರಿ. ನನ್ನ ಕುಚೇಷ್ಟೆಗೆ ಸಿಕ್ಕ ಶಿಕ್ಷೆ ಅದು. ಅನ್ಯಾಯವೆಂದರೆ, ದಾರಿಯಲ್ಲಿ ಕದ್ದು ತಿಂದದ್ದು ಎರಡೇ ಸಲ.

ನೀವು ಹಠಾತ್ತನೆ ಕಣ್ಣುಮುಚ್ಚಿದಿರಲ್ಲ, ಆ ದಿನ ಡಬ್ಬಿ ನಮ್ಮ ರೂಮಿನಲ್ಲಿತ್ತು. ತೊಳೆದು ಒರೆಸಿದೆ. ಪುಳಿಮುಂಚಿ ಮಾಡಲು ನನಗೆಲ್ಲಿ ಬರುತ್ತದೆ? ಖಾಲಿ ಕೊಡುವ ಹಾಗೂ ಇಲ್ಲ. ನಿಮ್ಮ ಕೈಬರಹದ ಕೊನೆಯ ದೃಶ್ಯದ ಹಾಳೆಯನ್ನು ಮಡಚಿ ಒಳಗಿಟ್ಟೆ.

ಇಬ್ರಾಹಿಂಕ ಮುಚ್ಚಳ ತೆಗೆದು, ಓದಿ, ಕನ್ನಡಕ ಒರೆಸಿದರು. "ಇದರಲ್ಲೂ ಉಪ್ಪು ಹೆಚ್ಚು. ಶುಕ್ರವಾರ ಬೆಳಿಗ್ಗೆ ಬನ್ನಿ ಎಲ್ಲರೂ. ಯಲ್ಲಾ, ಹೊರಡಿ!"

ಹೋದೆವು ಮಾಮ. ಶೇಖರಣ್ಣ ಸಮುದ್ರದ ಎದುರು ಕೂತು ಚಹಾ ಕುಡಿದ. ದೃಶ್ಯ ಮುಗಿಯಿತು. 'ಕಟ್' ಅನ್ನುವ ಬದಲು 'ಖಲಾಸ್' ಎಂದು ಕೂಗುತ್ತಿದ್ದವರು ನೀವು. ಈಗ ಕೂಗುವವರು ಯಾರು? ಯಾರೂ ಕೂಗಲಿಲ್ಲ. ಪಾಪ, ಶೇಖರಣ್ಣ ಖಾಲಿ ಕಪ್ಪನ್ನೇ ಹೀರುತ್ತಾ ಕೂತ. ಮೊದಲು ನಕ್ಕದ್ದು ಇಬ್ರಾಹಿಂಕ. ಆಮೇಲೆ ಎಲ್ಲರೂ ನಕ್ಕೆವು, ಕಣ್ಣಲ್ಲಿ ನೀರು ಬರುವಷ್ಟು.

ಸಿನಿಮಾ ಮುಗಿದಿದೆ. ಆ ನಗುವೂ ಅದರಲ್ಲಿದೆ. ಇನ್ನೊಂದು ಸುದ್ದಿ ಕೇಳಿ: ಎಡಿಟಿಂಗಿಗೆ ಕೂತ ಇಬ್ರಾಹಿಂಕ ತಮ್ಮ ಸಮುದ್ರವನ್ನು ಮತ್ತೆ ಮೂರು ನಿಮಿಷ ಮಾಡಿ ನೋಡಿದರು, ಆಕಳಿಸಿದರು, ತಾವೇ ಮೂರು ಸೆಕೆಂಡಿಗೆ ಇಳಿಸಿದರು. "ಉದ್ದ ಆಗಿತ್ತು. ಅವನಿಗೆ ಹೇಳ್ಬೇಡ" ಎಂದರು. ಹೇಳಿಬಿಟ್ಟೆ.

ಸಿನಿಮಾದ ಪೆನ್‌ಡ್ರೈವನ್ನು ಅದೇ ಡಬ್ಬಿಯಲ್ಲಿಟ್ಟು, ಪಕ್ಕದಲ್ಲಿ ನಾಲ್ಕು ಪತ್ತಿರ್ ಜೋಡಿಸಿ ಕೊಟ್ಟಿದ್ದಾರೆ. ರಜೆಗೆ ನಮ್ಮೂರು ಮುಲ್ಕಿಗೆ ಬಂದವನೇ ನಿಮ್ಮ ಫೋಟೋದ ಎದುರು ಇಡುತ್ತೇನೆ. ಪತ್ತಿರ್ ನಾನು ವಿಮಾನ ಹತ್ತುವ ಮೊದಲೇ ಮುಗಿದಿರುತ್ತದೆ, ಕ್ಷಮಿಸಿ. ಡಬ್ಬಿ ವಾಪಸ್ ಕಳಿಸುವುದು ಹೇಗೆಂದು ನೀವೇ ಯೋಚಿಸಿ. ಖಾಲಿ ಮಾತ್ರ ಕಳಿಸುವ ಹಾಗಿಲ್ಲ, ಗೊತ್ತಲ್ಲ ಮಾಮ?

ನಿಮ್ಮ,
ಡಬ್ಬಿ ಹೊರುವ ಸಂದೀಪ