ಕನ್ನಡಕ ಹಾಕಿದರೆ ಟೀಚರ್

ಜುಲೈ ೧೪, ಭಾನುವಾರ

ಪ್ರೀತಿಯ ಅಕ್ಕ,

ನೀನೂ ಭಾವನೂ ಚೆನ್ನಾಗಿದ್ದೀರೆಂದು ನಂಬಿ ಬರೆಯುತ್ತಿದ್ದೇನೆ. ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು, ಬೈಯಬೇಡ. ಬಿಡುವಿರಲಿಲ್ಲ ಎಂದು ಸುಳ್ಳು ಹೇಳಲು ಬಾಯಿ ಬರುತ್ತಿಲ್ಲ. ಈಗ ನನ್ನ ಹತ್ತಿರ ಇರುವುದೆಲ್ಲ ಬಿಡುವೇ. ಬೆಳಿಗ್ಗೆ ಇವರು ಸೇತುವೆ ಕೆಲಸಕ್ಕೆ ಹೊರಟ ಮೇಲೆ ಬಾಗಿಲು ಹಾಕಿದರೆ ಸಂಜೆ ಅವರೇ ಬಂದು ತಟ್ಟಬೇಕು. ಮತ್ತೊಂದು ಹೊಸ ಊರು, ಹೊಸ ಬೀದಿ. ಎದುರು ಮನೆಯಾಕೆ ಬಟ್ಟೆ ಒಣಹಾಕುವಾಗ ಒಮ್ಮೆ ನಕ್ಕಳು, ನಾನೂ ನಕ್ಕೆ. ಪರಿಚಯ ಅಲ್ಲಿಗೇ ನಿಂತಿದೆ.

ನಿನ್ನ ಸೊಸೆ ಮಗುವನ್ನು ಮನೆಯಲ್ಲೇ ಓದಿಸಬೇಕೆಂದು ಹಟ ಹಿಡಿದಿದ್ದಾಳೆಂದು ಬರೆದಿದ್ದೀಯ. ನಾನು ನನ್ನ ಮಗಳನ್ನು ಕೊನೆಯ ಪರೀಕ್ಷೆಯವರೆಗೂ ಹೇಗೆ ದಡ ಮುಟ್ಟಿಸಿದೆ ಎಂದು ವಿವರವಾಗಿ ಕೇಳಿದ್ದೀಯ. ನಮ್ಮ ಚಿನಕುರುಳಿಯನ್ನು ಶಾಲೆ ಬಿಡಿಸಿದಾಗ ನನಗೆ ತಲೆ ಕೆಟ್ಟಿದೆ ಎಂದವಳು ನೀನೇ ಅಲ್ಲವೇನೇ? ಹೋಗಲಿ, ಈಗಲಾದರೂ ನನ್ನ ಹತ್ತಿರ ಬುದ್ಧಿ ಕೇಳುವ ಕಾಲ ಬಂತಲ್ಲ. ನಾವಾದರೂ ಏನು ಮಾಡಬೇಕಿತ್ತು ಹೇಳು. ಇವರ ಸೇತುವೆ ಎಲ್ಲಿ ಏಳುತ್ತದೋ ಅಲ್ಲಿಗೆ ನಮ್ಮ ಗಂಟುಮೂಟೆ. ಒಂದು ಶಾಲೆಯಲ್ಲಿ ಭಿನ್ನರಾಶಿ ಮುಗಿದೇ ಹೋಗಿರುತ್ತಿತ್ತು, ಇನ್ನೊಂದರಲ್ಲಿ ಶುರುವೇ ಆಗಿರುತ್ತಿರಲಿಲ್ಲ. ಮೂರನೇ ಶಾಲೆಗೆ ಬರುವಷ್ಟರಲ್ಲಿ ಅವಳು ಹಿಂದಿನ ಬೆಂಚಿನಲ್ಲಿ ಯಾರ ಜೊತೆಗೂ ಸೇರದೆ ಕೂರತೊಡಗಿದ್ದಳು.

ಸೊಸೆಗೆ ಹೇಳು, ಕೊನೆಯಿಂದ ಶುರು ಮಾಡಬೇಕು. ಮನೆಯಲ್ಲಿ ಓದಿದವರು ಯಾವ ಬೋರ್ಡಿನ ಪರೀಕ್ಷೆಗೆ ಕೂರಬಹುದೆಂದು ಮೊದಲೇ ವಿಚಾರಿಸಿಕೊಳ್ಳಲಿ. ಕೊನೆಯ ವರ್ಷಕ್ಕೆ ಏನು ಬೇಕೋ ಅದನ್ನು ಹಿಂದಕ್ಕೆ ಹಿಂದಕ್ಕೆ ಎಲ್ಲ ವರ್ಷಗಳಿಗೂ ಹಂಚಲಿ. ನಾನು ಹಳೆ ಕ್ಯಾಲೆಂಡರಿನ ಬೆನ್ನಿಗೆ ಬರೆದು ಫ್ರಿಜ್ಜಿಗೆ ಅಂಟಿಸಿದ್ದೆ. ಮನೆ ಬದಲಾಯಿಸಿದಾಗ ಪಾತ್ರೆಗಿಂತ ಮೊದಲು ಅದನ್ನು ಬಿಚ್ಚುತ್ತಿದ್ದೆ. ವಾರದಲ್ಲಿ ಒಂದು ದಿನ ಖಾಲಿ ಬಿಡಲಿ. ಜ್ವರ, ನೆಂಟರು, ನೀರು ಬಾರದ ಬೆಳಗು, ಎಲ್ಲಕ್ಕೂ ಆ ದಿನವೇ ಜಾಗ ಕೊಡುತ್ತದೆ. ತನಗೆ ಬಾರದ್ದನ್ನು ಬರುತ್ತದೆ ಎನ್ನದಿರಲಿ. ರಸಾಯನಶಾಸ್ತ್ರ ನನ್ನ ತಲೆಗೆ ಹತ್ತಲೇ ಇಲ್ಲ. ಆಗ ನಾವಿದ್ದ ಊರಿನ ಔಷಧಿ ಅಂಗಡಿಯವರನ್ನು ಕಾಡಿ ಬೇಡಿ ಒಪ್ಪಿಸಿದೆ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವರು ಇವಳನ್ನು ಕೌಂಟರಿನ ಹಿಂದೆ ಕೂರಿಸಿಕೊಂಡು ಹೇಳಿಕೊಟ್ಟರು.

ಇನ್ನೊಂದು ವಿಷಯ. ಮನೆಯೂ ಶಾಲೆಯೂ ಕಲಸಿಹೋದರೆ ಎರಡೂ ಕೆಡುತ್ತವೆ. ಶುರುವಿನಲ್ಲಿ ಇವಳು ಲೆಕ್ಕದ ಮಧ್ಯೆ ತೊಡೆಯೇರುವಳು, ಮಗ್ಗಿ ಎಂದರೆ ಹೊಟ್ಟೆನೋವು ಬರಿಸಿಕೊಳ್ಳುವಳು. ಅದಕ್ಕೆ ಒಂದು ಕಟ್ಟಳೆ ಮಾಡಿದೆ. ಓದುವ ಕನ್ನಡಕ ಹಾಕಿಕೊಂಡರೆ ನಾನು ಟೀಚರ್, ತೆಗೆದರೆ ಅಮ್ಮ. ಟೀಚರ್ ಹತ್ತಿರ ಮುದ್ದು, ದೂರು, ಅಳು ಯಾವುದೂ ನಡೆಯುವುದಿಲ್ಲ. ಅವಳು ಅದನ್ನು ಎಷ್ಟು ಚೆನ್ನಾಗಿ ಪಾಲಿಸಿದಳೆಂದರೆ, ಒಮ್ಮೆ ಬೆರಳು ಬಾಗಿಲಿಗೆ ಸಿಕ್ಕಿ ಉಗುರು ಕಪ್ಪಾಗಿದೆ, ತುಟಿ ಕಚ್ಚಿಕೊಂಡು ನನ್ನೆದುರು ನಿಂತಿದ್ದಾಳೆ. "ಟೀಚರ್, ಒಂದ್ನಿಮಿಷ ಕನ್ನಡಕ ತೆಗೀತೀರಾ?" ಎಂದಳು. ನಾನು ತೆಗೆದ ಮೇಲೆಯೇ ಗೊಳೋ ಎಂದು ಅತ್ತಳು. ಆ ಕಥೆಯನ್ನು ಹೇಳಿಕೊಂಡು ನಾನೂ ಇವರೂ ಎಷ್ಟು ಸಲ ನಕ್ಕಿದ್ದೇವೋ.

ಹೈಸ್ಕೂಲಿನ ಪಾಠಗಳಿಗೆ ಬರುವ ಹೊತ್ತಿಗೆ ನನ್ನ ಕಣ್ಣು ಕೈಕೊಟ್ಟಿತು. ಹತ್ತಿರದ್ದೂ ಮಸುಕು, ದೂರದ್ದೂ ಮಸುಕು. ಎದ್ದ ತಕ್ಷಣ ಹಾಕಿಕೊಂಡ ಕನ್ನಡಕವನ್ನು ಮಲಗುವಾಗಲೇ ತೆಗೆಯುವುದು. ಅದೇ ಕಾಲಕ್ಕೆ ಚಿನಕುರುಳಿಯ ಪಟಪಟ ಮಾತೂ ಕಡಿಮೆಯಾಯಿತು. ಮಗಳು ದೊಡ್ಡವಳಾದಳು, ಓದಿನ ಮೇಲೆ ಗಮನ ಬಂತು ಎಂದು ನಾನು ಬೀಗಿದೆ.

ಫಲಿತಾಂಶ ಬಂದ ದಿನ ಊಟದ ಮೇಜಿಗೆ ಬಿಳಿ ಬಟ್ಟೆ ಹಾಸಿ ಬೀಳ್ಕೊಡುಗೆ ಸಮಾರಂಭ ಮಾಡಿದೆವು. ಇವರೇ ಮುಖ್ಯ ಅತಿಥಿ, ಇವರೇ ಪ್ರೇಕ್ಷಕರು. ಇಡೀ ಶಾಲೆಗೆ ಮೊದಲು ಬಂದವಳೂ ಇವಳೇ, ಕೊನೆಗೆ ಬಂದವಳೂ ಇವಳೇ ಎಂದು ಭಾಷಣ ಬಿಗಿದರು. ಅವಳು ನಕ್ಕು, ನನ್ನ ಕಡೆ ತಿರುಗಿ, ಥ್ಯಾಂಕ್ಯೂ ಟೀಚರ್ ಎಂದಳು. ನನ್ನ ಎದೆ ಉಬ್ಬಿತ್ತು ಅಕ್ಕ.

ಈಗ ಅವಳು ಕಾಲೇಜಿನ ಹಾಸ್ಟೆಲಿನಲ್ಲಿದ್ದಾಳೆ. ಭಾನುವಾರ ಸಂಜೆ ಫೋನ್ ಮಾಡುತ್ತಾಳೆ. ಯಾವ ಪಾಠ ಆಯಿತು, ಯಾವುದು ಅರ್ಥವಾಗಲಿಲ್ಲ, ಎಲ್ಲ ಒಪ್ಪಿಸುತ್ತಾಳೆ. ಊಟ ಸೇರುತ್ತದಾ ಎಂದರೆ ಸೇರುತ್ತದೆ. ಗೆಳತಿಯರು ಸಿಕ್ಕಿದರಾ ಎಂದರೆ ಸಿಕ್ಕಿದ್ದಾರೆ. ಅವಳ ಹಿಂದೆ ಹಾಸ್ಟೆಲಿನಲ್ಲಿ ಬೇರೆಯವರು ಗಲಗಲ ಮಾತಾಡುವುದು ಕೇಳಿಸುತ್ತಿರುತ್ತದೆ.

ನಾನು ಮಾತ್ರ ಈಗಲೂ ಹೊತ್ತಿಗೆ ಸರಿಯಾಗಿ ಮೇಜು ಒರೆಸುತ್ತೇನೆ, ನನ್ನ ಕುರ್ಚಿಯಲ್ಲಿ ಕೂರುತ್ತೇನೆ, ಎದುರಿನ ಕುರ್ಚಿ ನೋಡುತ್ತೇನೆ. ನಿನ್ನ ಶಾಲೆಗೆ ಇನ್ನೂ ರಜೆ ಮುಗಿದಿಲ್ಲವಾ ಎಂದು ಇವರು ತಮಾಷೆ ಮಾಡುತ್ತಾರೆ. ನಗುತ್ತೇನೆ. ಆದರೆ ಒಂಟಿ ಅನ್ನಿಸುತ್ತದೆ ಅಕ್ಕ, ತುಂಬಾ ಒಂಟಿ. ಕೆಲಸ ಮುಗಿದದ್ದಕ್ಕೆ ಹೀಗಾಗುತ್ತಿದೆ, ಸರಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ಮಗುವಿನ ಕೆನ್ನೆ ಸವರಿ, ಚೆನ್ನಾಗಿ ಓದಲಿ, ಚೆನ್ನಾಗಿ ಗಲಾಟೆಯನ್ನೂ ಮಾಡಲಿ ಎಂದು ನನ್ನ ಪರವಾಗಿ ಹರಸು. ಸೊಸೆಗೆ ಒಳ್ಳೆಯದಾಗಲಿ. ಮಂಡಿನೋವು ಎಂದು ಕೊರಗುತ್ತಾ ಕೂರದೆ ನೀನು ದಿನಾ ನಾಲ್ಕು ಹೆಜ್ಜೆ ನಡೆ.

ನಿನ್ನ ತಂಗಿ

ತಾ.ಕ.: ಕಾಗದ ಮಡಿಸಿ ಮತ್ತೆ ಬಿಚ್ಚಿದೆ. ಕನ್ನಡಕದ ಕಟ್ಟಳೆಯನ್ನು ಸೊಸೆಗೆ ಹೇಳಬೇಡ.

ಚಿನಕುರುಳಿಯನ್ನು ಬಸ್ಸು ಹತ್ತಿಸಲು ಹೋದ ದಿನ ಇವರು ಪೆಟ್ಟಿಗೆ ಮೇಲೇರಿಸುತ್ತಿದ್ದರು. ಅವಳು ನನ್ನೆದುರು ಬಂದು ನಿಂತು, ಎರಡೂ ಕೈಯಿಂದ ಮೆಲ್ಲಗೆ ನನ್ನ ಕನ್ನಡಕ ತೆಗೆದಳು. ಹೊರಡುವ ಹೊತ್ತಿನಲ್ಲಿ ಇದೇನು ಆಟ ಎಂದುಕೊಂಡೆ. "ಕೊಡೇ ಇಲ್ಲಿ, ಬಸ್ಸಿನ ಬೋರ್ಡೇ ಕಾಣ್ತಿಲ್ಲ" ಎಂದೆ. ಅವಳ ಮುಖವೂ ಕಾಣುತ್ತಿರಲಿಲ್ಲ. ಅವಳು ಕೊಟ್ಟಳು. ಹಾಕಿಕೊಂಡು ನೋಡಿದರೆ, ಪಾಠ ಒಪ್ಪಿಸಲು ನಿಂತವಳ ಮುಖ. ಹೋಗಿಬರುತ್ತೇನೆ ಎಂದು ಬಸ್ಸು ಹತ್ತಿದಳು.

ಮನೆಗೆ ಬಂದು ಮುಖ ತೊಳೆಯಲು ಕನ್ನಡಕ ತೆಗೆದಾಗ ಹೊಳೆಯಿತು. ಆ ಕಟ್ಟಳೆಯನ್ನು ನಾನು ಯಾವಾಗಲೋ ಮರೆತಿದ್ದೆ. ಅವಳು ಮರೆತಿರಲಿಲ್ಲ. ಇದನ್ನು ಅವಳಿಗೆ ಹೇಳೋಣವೆಂದು ಪ್ರತಿ ವಾರ ಬಾಯಿ ತೆರೆಯುತ್ತೇನೆ, ಯಾವ ಪಾಠ ಆಯಿತು ಎಂದೇ ಕೇಳಿರುತ್ತೇನೆ.

ಇವತ್ತೂ ಭಾನುವಾರ, ಫೋನ್ ಬರುವ ಹೊತ್ತು. ರಿಂಗಾದ ಕೂಡಲೇ ಕನ್ನಡಕ ತೆಗೆದು ಮೇಜಿನ ಮೇಲಿಟ್ಟುಕೊಂಡೇ ಮಾತಾಡುತ್ತೇನೆ, ಅಕ್ಕ. ಆದರೆ ಫೋನಿನಲ್ಲಿ ಅದು ಅವಳಿಗೆ ಹೇಗೆ ಕಾಣಬೇಕು?