ಜೈನಬಳ ಹೆಸರಿನ ಹಾಸ್ಟೆಲ್

ಜೈನಬಾ,

ನೀನು ತೀರಿಕೊಂಡು ವರ್ಷಗಳಾದರೂ ಈ ಸುದ್ದಿ ಮೊದಲು ನಿನಗೇ ಹೇಳಬೇಕು ಅನಿಸಿತು ಮಾರಾಯ್ತಿ. ನಮ್ಮ ಮೂಡುಬಿದಿರೆಯ ಮನೆ ನನ್ನ ಕಾಲದ ನಂತರ ಹುಡುಗಿಯರ ಹಾಸ್ಟೆಲ್ ಆಗಲಿ ಎಂದು ಇವತ್ತು ನಾವಿಬ್ಬರೂ ಓದಿದ ಕಾಲೇಜಿನ ಹೆಸರಿಗೆ ವೀಲುನಾಮೆ ಬರೆದೆ. ತಂಗಿಯ ಮಗ ಶೋಧನ್ ಸಿಟ್ಟಾಗುತ್ತಾನೆಂದು ಹೆದರಿದ್ದೆ. ಅವನೇ ಬಂದು ಸಾಕ್ಷಿ ಸಹಿ ಹಾಕಿದ, "ಒಳ್ಳೆಯದಾಯ್ತು ದೊಡ್ಡಮ್ಮ" ಅಂದ. ಅಬ್ಬ, ಹಗುರಾಯಿತು!

ಯಾರ ಹೆಸರಿಡುವ ಎಂದು ಪ್ರಿನ್ಸಿಪಾಲರು ಕೇಳಿದರು. ನಮ್ಮಲ್ಲಿ ಒಂದು ಫ್ಯಾನ್ ಕೊಟ್ಟರೂ ರೆಕ್ಕೆಯ ಮೇಲೆ ಹೆಸರು ಬರೆಸುತ್ತಾರಲ್ಲ! ನಾನು ನಿನ್ನ ಹೆಸರು ಹೇಳಿದೆ.

ನೀನು ನಿನ್ನೂರು ಪುಂಜಾಲಕಟ್ಟೆಯ ಕೊನೆಯ ಬಸ್ಸಿಗೆಂದು ಲ್ಯಾಬಿನಿಂದ ಅರ್ಧಕ್ಕೇ ಎದ್ದು ಓಡುತ್ತಿದ್ದವಳು, ಒಂದು ದಿನ ಕಾಲೇಜಿಗೆ ಬರುವುದನ್ನೇ ನಿಲ್ಲಿಸಿದೆ. ಓಡುತ್ತಿದ್ದದ್ದು ಈ ಮನೆಯ ಗೇಟಿನ ಎದುರಿನಿಂದಲೇ.

"ಅವರು ಡಿಗ್ರಿ ಮುಗಿಸಿದ್ದು ಯಾವ ವರ್ಷ?" ಎಂದರು ಪ್ರಿನ್ಸಿಪಾಲರು.

"ನನ್ನದೇ ಬ್ಯಾಚ್ ಸಾರ್," ಎಂದೆ.

ಪ್ರಫುಲ್ಲಾ